ಶಾಲೆ ಮುಚ್ಚಿದರೆ ಜಾಗ ಯಾರದು, ದಾಖಲೆ ಎಲ್ಲಿ? ಪುತ್ತೂರು ಬೋರ್ಡ್ ಹೈಸ್ಕೂಲಿನ ಶತಮಾನದ ಕತೆ ಹೇಳುವುದೇನು

ಪ್ರತಿ ವರ್ಷ ಶಾಲೆಗಳು ಪುನರಾರಂಭವಾಗುವ ಹೊತ್ತಿಗೆ ದಕ್ಷಿಣ ಕನ್ನಡದ ಪತ್ರಿಕೆಗಳಲ್ಲಿ ಒಂದು ಬಗೆಯ ಸುದ್ದಿ ತಪ್ಪದೆ ಬರುತ್ತದೆ. ಇಂಥ ಊರಿನ ಸರಕಾರಿ ಶಾಲೆಗೆ ಈ ಸಲ ಒಂದನೇ ತರಗತಿಗೆ ಮಕ್ಕಳೇ ಸೇರಿಲ್ಲ, ಇಂಥ ಶಾಲೆಯಲ್ಲಿ ಉಳಿದಿರುವುದು ಬೆರಳೆಣಿಕೆಯ ಮಕ್ಕಳು, ಇಂಥ ಶಾಲೆಯನ್ನು ಪಕ್ಕದ ಶಾಲೆಯೊಂದಿಗೆ ಸೇರಿಸುವ ಮಾತು ನಡೆದಿದೆ ಎಂಬ ಸುದ್ದಿ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಈ ಸುದ್ದಿ ಈಗ ಯಾರನ್ನೂ ಬೆಚ್ಚಿಬೀಳಿಸುವುದಿಲ್ಲ. ಇಲಾಖೆಯ ಭಾಷೆಯಲ್ಲಿ ಇದಕ್ಕೆ ಮುಚ್ಚುವುದು ಎಂಬ ಹೆಸರೂ ಇಲ್ಲ. ಮಕ್ಕಳಿಲ್ಲದ ಶಾಲೆ 'ಶೂನ್ಯ ದಾಖಲಾತಿ'ಯ ಶಾಲೆ. ಬಾಗಿಲು ಹಾಕಿದರೆ ಅದು 'ತಾತ್ಕಾಲಿಕ ಸ್ಥಗಿತ'. ಇನ್ನೊಂದು ಶಾಲೆಗೆ ಸೇರಿಸಿದರೆ 'ವಿಲೀನ'.

ಚರ್ಚೆ ನಡೆಯುವುದು ಬಹುತೇಕ ಮಕ್ಕಳ ಬಗ್ಗೆ. ಅದು ಸಹಜ, ಸರಿಯೂ ಹೌದು. ಆದರೆ ಮಕ್ಕಳು ಬೇರೆ ಶಾಲೆಗೆ ಹೋದ ಮೇಲೂ ಆ ಆವರಣದಲ್ಲಿ ಎರಡು ಸಂಗತಿಗಳು ಉಳಿಯುತ್ತವೆ. ಒಂದು, ಊರಿನ ಯಾರೋ ಹಿಂದೆ ಬಿಟ್ಟುಕೊಟ್ಟ ಜಾಗ. ಇನ್ನೊಂದು, ಹೆಡ್ಮಾಸ್ಟರರ ಕೋಣೆಯ ಕಪಾಟಿನಲ್ಲಿರುವ ದಾಖಲಾತಿ ಪುಸ್ತಕ, ಜನರ ಬಾಯಲ್ಲಿ ಅಡ್ಮಿಶನ್ ರಿಜಿಸ್ಟರ್. ಇವೆರಡನ್ನೂ ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆ ಏಳುವುದು ಸಾಮಾನ್ಯವಾಗಿ ಹತ್ತಿಪ್ಪತ್ತು ವರ್ಷ ಕಳೆದ ಮೇಲೆ, ಯಾರಿಗಾದರೂ ಒಂದು ಪ್ರಮಾಣಪತ್ರ ಬೇಕಾದಾಗ. ತುಳುನಾಡಿನ ಜೈನ ಕುಟುಂಬಗಳಿಗೆ ಈ ಪ್ರಶ್ನೆ ಉಳಿದವರಿಗಿಂತ ಒಂದು ಕೈ ಹೆಚ್ಚೇ ಸಂಬಂಧಪಟ್ಟದ್ದು. ಕಾರಣ ತಿಳಿಯಬೇಕಾದರೆ ನೂರು ವರ್ಷ ಹಿಂದಕ್ಕೆ, ಪುತ್ತೂರು ಪೇಟೆಯ ಕೊಂಬೆಟ್ಟಿಗೆ ಹೋಗಬೇಕು.

ಒಂದು ತಾಲೂಕು, ಒಂದು ಹೈಸ್ಕೂಲು

ಇಪ್ಪತ್ತನೇ ಶತಮಾನದ ಆರಂಭದಲ್ಲಿ ಈ ಸೀಮೆಯ ಹೆಸರು ಉಪ್ಪಿನಂಗಡಿ ತಾಲೂಕು, ಅದರ ಕಚೇರಿಗಳು ಇದ್ದದ್ದು ಪುತ್ತೂರಿನಲ್ಲಿ. ಇಂದಿನ ಪುತ್ತೂರು, ಸುಳ್ಯ, ಕಡಬ, ಬೆಳ್ತಂಗಡಿ ಎಲ್ಲವೂ ಘಟ್ಟದ ಬುಡದ ಆ ದೊಡ್ಡ ತಾಲೂಕಿಗೆ ಸೇರಿದ್ದವು. ಜಿಲ್ಲೆ ಮದ್ರಾಸ್ ಪ್ರೆಸಿಡೆನ್ಸಿಯ ದಕ್ಷಿಣ ಕೆನರಾ. ಪ್ರಾಥಮಿಕ ಶಾಲೆ ಅಲ್ಲಲ್ಲಿ ಇದ್ದರೂ ಹೈಸ್ಕೂಲು ಓದಬೇಕೆಂದರೆ ಐವತ್ತು ಕಿಲೋಮೀಟರ್ ದೂರದ ಮಂಗಳೂರಿಗೆ ಹೋಗಿ ಯಾರದೋ ಮನೆಯಲ್ಲಿ ಉಳಿಯಬೇಕು. ಸುಬ್ರಹ್ಮಣ್ಯದ ಕಡೆಯವರಿಗೆ ಅದು ನೂರು ಕಿಲೋಮೀಟರಿನ ಮಾತು. ಬಸ್ಸು ಆಗಷ್ಟೇ ಕರಾವಳಿಯಲ್ಲಿ ಕಣ್ಣಿಗೆ ಬೀಳುತ್ತಿದ್ದ ಕಾಲ. ಮಳೆಗಾಲದಲ್ಲಿ ಹೊಳೆ ದಾಟುವುದೇ ಒಂದು ಸಾಹಸ. ಮಂಗಳೂರಿನಲ್ಲಿ ಮಗನನ್ನು ಇರಿಸಿ ಓದಿಸುವ ಶಕ್ತಿ ಇದ್ದದ್ದು ಕೆಲವೇ ಗುತ್ತು, ಬೀಡು, ಭೂಮಾಲಕ ಮನೆತನಗಳಿಗೆ ಮತ್ತು ಪೇಟೆಯ ಅನುಕೂಲಸ್ಥರಿಗೆ.

ಈ ಸ್ಥಿತಿ ಬದಲಾದದ್ದು 1916ರಲ್ಲಿ. ಪುತ್ತೂರಿನ ವಕೀಲ ಮೊಳಹಳ್ಳಿ ಶಿವರಾಯರ ಮುತುವರ್ಜಿಯಿಂದ ಪೇಟೆಗೆ ಅಂಟಿಕೊಂಡ ಕೊಂಬೆಟ್ಟಿನಲ್ಲಿ ಬೋರ್ಡ್ ಹೈಸ್ಕೂಲು ಆರಂಭವಾಯಿತು. ಶಿವರಾಯರನ್ನು (1880–1967) ಜಿಲ್ಲೆ ಇಂದಿಗೂ ನೆನೆಯುವುದು ಸಹಕಾರ ಚಳವಳಿಯ ಪಿತಾಮಹ ಎಂದು. 1909ರಲ್ಲಿ ಪುತ್ತೂರಿನಲ್ಲಿ ಸಹಕಾರ ಸಂಘ ಕಟ್ಟಿದವರು, 1913–14ರಲ್ಲಿ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು ಪುತ್ತೂರಿನಲ್ಲೇ ಹುಟ್ಟುವಂತೆ ಮಾಡಿದವರು. ಸಾಲ ಕೊಡುವ ಸಂಘ ಮತ್ತು ಹೈಸ್ಕೂಲು ಕೆಲವೇ ವರ್ಷಗಳ ಅಂತರದಲ್ಲಿ ಒಬ್ಬರ ಪ್ರಯತ್ನದಿಂದಲೇ ಬಂದದ್ದು ಆಕಸ್ಮಿಕವೆಂದು ತೋರುವುದಿಲ್ಲ. ಲೆಕ್ಕ ಬರೆಯಬಲ್ಲ, ಕಾಗದ ಓದಬಲ್ಲ, ಕಚೇರಿಯಲ್ಲಿ ಮಾತನಾಡಬಲ್ಲ ಜನ ಇಲ್ಲದೆ ಹಳ್ಳಿಯ ಸಹಕಾರ ಸಂಘ ನಡೆಯುವುದಾದರೂ ಹೇಗೆ?

'ಬೋರ್ಡ್' ಎಂಬ ಶಬ್ದವನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು. ಇಂದಿನ ತಲೆಮಾರು ಬೋರ್ಡ್ ಎಂದರೆ ಪರೀಕ್ಷೆಯ ಬೋರ್ಡ್ ಎಂದುಕೊಳ್ಳುತ್ತದೆ. ಆಗಿನ ಬೋರ್ಡ್ ಅಂದರೆ ಸ್ಥಳೀಯ ಆಡಳಿತದ ಬೋರ್ಡ್. 1884ರ ಮದ್ರಾಸ್ ಲೋಕಲ್ ಬೋರ್ಡ್ಸ್ ಕಾಯ್ದೆಯಿಂದ ಬಂದ ಜಿಲ್ಲಾ ಬೋರ್ಡು ಮತ್ತು ತಾಲೂಕು ಬೋರ್ಡುಗಳು ರಸ್ತೆ, ಆಸ್ಪತ್ರೆ, ಛತ್ರ, ಶಾಲೆ ಇವನ್ನು ನೋಡಿಕೊಳ್ಳುತ್ತಿದ್ದವು. ಅವುಗಳ ಆದಾಯದ ಮುಖ್ಯ ಮೂಲ ಭೂಕಂದಾಯದ ಮೇಲೆ ಎತ್ತುವ ಸೆಸ್. ಅಂದರೆ ಗದ್ದೆ, ತೋಟ ಇದ್ದ ಪ್ರತಿಯೊಂದು ಕುಟುಂಬವೂ ಬೋರ್ಡ್ ಹೈಸ್ಕೂಲಿನ ಖರ್ಚಿಗೆ ಒಂದಿಷ್ಟು ಸಲ್ಲಿಸಿಯೇ ಇತ್ತು. ಮಗ ಅಲ್ಲಿ ಓದಿದರೂ ಸರಿ, ಓದದಿದ್ದರೂ ಸರಿ. ಅದರ ಮೇಲೆ ಊರಿನವರ ಚಂದಾ, ದಾನ. ಮಂಗಳೂರಿನ ಇಂದಿನ ವಿಶ್ವವಿದ್ಯಾನಿಲಯ ಕಾಲೇಜಿನ ಮೂಲವಾದ 1868ರ ಪ್ರಾವಿನ್ಶಿಯಲ್ ಶಾಲೆಯ ಹಿಂದೆಯೂ ಊರವರು ಎತ್ತಿಕೊಟ್ಟ ಹಣವಿತ್ತು. ಸರಕಾರಿ ಶಾಲೆ ಎಂದರೆ ಮೇಲಿನಿಂದ ಇಳಿದು ಬಂದದ್ದು ಎಂಬ ಈಗಿನ ತಿಳಿವಳಿಕೆ ಈ ಜಿಲ್ಲೆಯ ಮಟ್ಟಿಗೆ ತಪ್ಪು. ಹಳೆಯ ಶಾಲೆಗಳಲ್ಲಿ ಹೆಚ್ಚಿನವು ಊರಿನಿಂದ ಮೇಲಕ್ಕೆ ಹೋದವು.

ಪುತ್ತೂರಿನ ಹೈಸ್ಕೂಲು ಬಂದಾಗ ಮದ್ರಾಸಿನಲ್ಲಿ ಹಳೆಯ ಮೆಟ್ರಿಕ್ಯುಲೇಶನ್ ಹೋಗಿ ಎಸ್ಸೆಸ್ಸೆಲ್ಸಿ ಪದ್ಧತಿ ಬಂದು ಐದು ವರ್ಷವಾಗಿತ್ತಷ್ಟೆ. ಈಗಿನ ಒಂದು ಹಾಳೆಯ ಅಂಕಪಟ್ಟಿಯಂತಲ್ಲ, ಅದೊಂದು ಪುಸ್ತಕ. ಹಳೆಯ ಮನೆಗಳ ಟ್ರಂಕಿನಲ್ಲಿ, ಅಟ್ಟದ ಮೇಲೆ, ಜಾತಕದ ಕಟ್ಟಿನ ನಡುವೆ ಅಂಥ ಎಸ್ಸೆಸ್ಸೆಲ್ಸಿ ಪುಸ್ತಕ ಸಿಕ್ಕಿದರೆ ಎಸೆಯಬಾರದು. ಅದರ ಬೆಲೆ ಮುಂದೆ ತಿಳಿಯುತ್ತದೆ.

ಇದೇ ಪುತ್ತೂರಿಗೆ ಶಿವರಾಮ ಕಾರಂತರು ಬಂದು ನೆಲೆಸಿದ್ದು, ಬಾಲವನ ಕಟ್ಟಿ ಮಕ್ಕಳ ಶಿಕ್ಷಣದಲ್ಲಿ ತಮ್ಮದೇ ಪ್ರಯೋಗ ನಡೆಸಿದ್ದು ಎಲ್ಲರಿಗೂ ಗೊತ್ತು. ಕಾರಂತರ ಪ್ರಯೋಗದ ಶಾಲೆ ಬಹುಕಾಲ ನಡೆಯಲಿಲ್ಲ. ಬಾಲವನ ಮಾತ್ರ ಇಂದು ಸಾರ್ವಜನಿಕ ಸ್ಮಾರಕವಾಗಿ ಉಳಿದಿದೆ. ಶಾಲೆ ನಿಂತರೂ ಜಾಗ ಹಾಳಾಗದೆ ಜನರಿಗೇ ಉಳಿದದ್ದಕ್ಕೆ ಅದೊಂದು ಉದಾಹರಣೆ. ಆದರೆ ಅದರ ಹಿಂದೆ ಕಾರಂತರ ಹೆಸರಿತ್ತು. ಎಲ್ಲ ಶಾಲೆಗೂ ಆ ಭಾಗ್ಯ ಇರುವುದಿಲ್ಲ.

ಶಾಲೆ ಉಳಿಯಿತು, ಬೋರ್ಡು ಹೋಯಿತು

ಕೊಂಬೆಟ್ಟಿನ ಶಾಲೆ ಮುಚ್ಚಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. 2016ರಲ್ಲಿ ಅದು ನೂರು ತುಂಬಿತು, ತರಗತಿಗಳು ನಡೆಯುತ್ತಿವೆ. ಮುಚ್ಚಿದ್ದು ಅದನ್ನು ನಡೆಸುತ್ತಿದ್ದ ಸಂಸ್ಥೆ. 1930ರ ದಶಕದಲ್ಲಿ ಮದ್ರಾಸ್ ಸರಕಾರ ತಾಲೂಕು ಬೋರ್ಡುಗಳನ್ನು ರದ್ದುಮಾಡಿತು, ಜಿಲ್ಲಾ ಬೋರ್ಡು ಮಾತ್ರ ಉಳಿಯಿತು. 1956ರ ನವೆಂಬರ್ 1ರಂದು ದಕ್ಷಿಣ ಕೆನರಾ ಮೈಸೂರು ರಾಜ್ಯಕ್ಕೆ ಬಂತು, ಚಂದ್ರಗಿರಿ ಹೊಳೆಯ ಆಸುಪಾಸಿನ ಕಾಸರಗೋಡು ಕೇರಳಕ್ಕೆ ಹೋಯಿತು. ಅಲ್ಲಿಯವರೆಗೆ ಒಂದೇ ಜಿಲ್ಲಾ ಬೋರ್ಡಿನ ಕೆಳಗಿದ್ದ ಶಾಲೆಗಳು ಒಂದು ರಾತ್ರಿಯಲ್ಲಿ ಎರಡು ರಾಜ್ಯಗಳ ಪಾಲಾದವು. 1959ರ ಮೈಸೂರು ಗ್ರಾಮ ಪಂಚಾಯತ್ ಮತ್ತು ಲೋಕಲ್ ಬೋರ್ಡ್ ಕಾಯ್ದೆಯ ಅನಂತರ ಹಳೆಯ ಜಿಲ್ಲಾ ಬೋರ್ಡು ಪೂರ್ತಿ ಇಲ್ಲವಾಯಿತು. ಹೈಸ್ಕೂಲು ಸರಕಾರದ್ದಾಯಿತು. 1970ರ ದಶಕದಲ್ಲಿ ಎರಡು ವರ್ಷದ ಪಿಯುಸಿ ಬಂದಾಗ ರಾಜ್ಯದ ಇಂಥ ಹಲವು ಹಳೆಯ ಹೈಸ್ಕೂಲುಗಳು ಜೂನಿಯರ್ ಕಾಲೇಜುಗಳಾದವು. ಇಂದು ಕೊಂಬೆಟ್ಟಿನ ಫಲಕದಲ್ಲಿ ಕಾಣುವುದು ಸರಕಾರಿ ಪದವಿಪೂರ್ವ ಕಾಲೇಜು. ಹೈಸ್ಕೂಲು ಅದರ ಒಂದು ವಿಭಾಗ. ಬೋರ್ಡ್ ಹೈಸ್ಕೂಲ್ ಎಂಬ ಹೆಸರು ಉಳಿದಿರುವುದು ವಯಸ್ಸಾದವರ ಬಾಯಲ್ಲಿ.

ಹೆಸರು ಬದಲಾದರೆ ಏನಂತೆ ಎನ್ನಬಹುದು. ಬದಲಾದದ್ದು ಹೆಸರಷ್ಟೇ ಅಲ್ಲ. ತಾಲೂಕಿನ ಜನ ತಾವೇ ಆರಿಸಿದವರ ಕೈಯಲ್ಲಿ ಇದ್ದ ಶಾಲೆ ಬೆಂಗಳೂರಿನ ಆದೇಶಕ್ಕೆ ಕಾಯುವ ಶಾಲೆಯಾಯಿತು. ಅದರಿಂದ ಲಾಭವೇ ಆಗಲಿಲ್ಲ ಎನ್ನುವುದು ಅನ್ಯಾಯ. ಬೋರ್ಡಿನ ಕಾಲದಲ್ಲಿ ಹೈಸ್ಕೂಲಿಗೆ ಶುಲ್ಕ ತೆರಬೇಕಿತ್ತು, ಹೆಣ್ಣುಮಕ್ಕಳು ಬಹಳ ಕಡಿಮೆ, ಕೆಳಗಿನ ಜಾತಿಯ ಮಕ್ಕಳು ಇನ್ನೂ ಕಡಿಮೆ. ಸರಕಾರ ವಹಿಸಿಕೊಂಡ ಮೇಲೆ ಊರೂರಿಗೆ ಹೈಸ್ಕೂಲು ಬಂತು, ಶುಲ್ಕದ ಹೊರೆ ಇಳಿಯಿತು, ಪಠ್ಯಪುಸ್ತಕ, ಸೈಕಲ್, ಮಧ್ಯಾಹ್ನದ ಊಟ ಬಂದವು. ನಷ್ಟವಾದದ್ದು ಒಂದೇ: ಶಾಲೆಯ ಬಗ್ಗೆ ಊರಿಗಿದ್ದ ಯಜಮಾನಿಕೆಯ ಭಾವ. ದುರಸ್ತಿಗೆ ಮನವಿ, ಶಿಕ್ಷಕರಿಗೆ ಮನವಿ, ಉಳಿಸಲು ಮನವಿ. ಯಜಮಾನರಾಗಿದ್ದವರು ಅರ್ಜಿದಾರರಾದರು.

ಮಕ್ಕಳು ಎಲ್ಲಿ ಹೋದರು

ಪುತ್ತೂರು ಮತ್ತು ಸುಳ್ಯ ಇಂದು ರಾಜ್ಯದಲ್ಲೇ ಹೆಸರಾದ ಶಿಕ್ಷಣದ ಪೇಟೆಗಳು. ಪುತ್ತೂರಿನಲ್ಲಿ 1958ರಲ್ಲಿ ಸಂತ ಫಿಲೋಮಿನಾ ಕಾಲೇಜು, 1965ರಲ್ಲಿ ವಿವೇಕಾನಂದ ಕಾಲೇಜು ಬಂದವು. ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರು 1976ರಲ್ಲಿ ನೆಹರು ಮೆಮೋರಿಯಲ್ ಕಾಲೇಜಿನಿಂದ ಆರಂಭಿಸಿ ಎಂಜಿನಿಯರಿಂಗ್, ವೈದ್ಯಕೀಯದವರೆಗೆ ಕಟ್ಟಿದರು. ಈ ಸಂಸ್ಥೆಗಳ ಕೊಡುಗೆ ದೊಡ್ಡದು. ಜೊತೆಗೇ ಒಂದು ವಿಚಿತ್ರವೂ ನಡೆಯಿತು. ಮೇಲಿನ ಶಿಕ್ಷಣ ಬೆಳೆದಷ್ಟೂ ಅದಕ್ಕೆ ಮಕ್ಕಳನ್ನು ತಯಾರು ಮಾಡುವ ಇಂಗ್ಲಿಷ್ ಮಾಧ್ಯಮದ ಶಾಲೆಗಳು ಬೆಳೆದವು. ಅಡಿಕೆ, ರಬ್ಬರ್‌ನಿಂದ ನಾಲ್ಕು ಕಾಸು ಕಂಡ ಮನೆಗಳು ಮೊದಲು ಆ ಶಾಲೆಗಳತ್ತ ಹೋದವು. ಹಳದಿ ಬಸ್ಸು ಮನೆಯ ಗೇಟಿನವರೆಗೆ ಬರತೊಡಗಿದ ಮೇಲೆ ಉಳಿದವರೂ ಹೋದರು. ಜೈನ ಕುಟುಂಬಗಳು ಈ ಸಾಲಿನಲ್ಲಿ ಹಿಂದೆ ಇರಲಿಲ್ಲ ಎನ್ನುವುದನ್ನು ಒಪ್ಪಿಕೊಳ್ಳಲೇಬೇಕು.

ಇದರ ಮೇಲೆ ಮಕ್ಕಳ ಸಂಖ್ಯೆಯೇ ಇಳಿದಿದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ತಾಯಿಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆ ಸ್ಥಿರವಾಗಿರಲು ಬೇಕಾದ 2.1ಕ್ಕಿಂತ ಇದು ಎಷ್ಟೋ ಕಡಿಮೆ. ಜೈನರಂಥ ಸಣ್ಣ ಸಮಾಜಕ್ಕೆ ಇದರ ಅರ್ಥ ವಿವರಿಸಬೇಕಾಗಿಲ್ಲ, ಬಸದಿಯ ಪಾಠಶಾಲೆಯಲ್ಲಿ ಕುಳಿತ ಮಕ್ಕಳನ್ನು ಎಣಿಸಿದರೆ ಸಾಕು.

ನ್ಯಾಯಾಲಯ ಮತ್ತು ಸರಕಾರದ ತೀರ್ಮಾನಗಳೂ ಸೇರಿಕೊಂಡವು. 2014ರ ಮೇ 6ರಂದು ಸುಪ್ರೀಂ ಕೋರ್ಟು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮಾಧ್ಯಮವನ್ನು ಸರಕಾರ ಕಡ್ಡಾಯ ಮಾಡುವಂತಿಲ್ಲ ಎಂದಿತು. ಶಿಕ್ಷಣ ಹಕ್ಕು ಕಾಯ್ದೆಯ ಶೇ. 25 ಸೀಟುಗಳಲ್ಲಿ ಸರಕಾರವೇ ಶುಲ್ಕ ಕೊಟ್ಟು ಮಕ್ಕಳನ್ನು ಖಾಸಗಿ ಶಾಲೆಗೆ ಕಳುಹಿಸಿದ್ದು ಹಲವು ವರ್ಷ ನಡೆಯಿತು. 2019ರಲ್ಲಿ ನಿಯಮ ತಿದ್ದಿ, ಹತ್ತಿರ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಸೀಟು ಇಲ್ಲ ಎಂದಾಯಿತು. ಅಷ್ಟರಲ್ಲಿ ಹೋದ ಮಕ್ಕಳು ಹೋಗಿಯಾಗಿತ್ತು. 2018ರ ಜುಲೈಯ ಬಜೆಟ್‌ನಲ್ಲಿ ಅಂದಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ 28,847 ಶಾಲೆಗಳನ್ನು ಸಮೀಪದ 8,530 ಶಾಲೆಗಳೊಂದಿಗೆ ಸೇರಿಸುವ ಪ್ರಸ್ತಾಪ ಇಟ್ಟಾಗ ದೊಡ್ಡ ಗದ್ದಲವೇ ಆಯಿತು. ಕಾಸರಗೋಡಿನ ಕನ್ನಡ ಶಾಲೆ ಮುಚ್ಚುವ ಕತೆಯ ರಿಷಬ್ ಶೆಟ್ಟಿಯವರ ಸಿನಿಮಾ ಅದೇ ವರ್ಷದ ಆಗಸ್ಟಿನಲ್ಲಿ ಬಂದು ಊರೂರಲ್ಲಿ ಓಡಿದ್ದು ಸುಮ್ಮನೆ ಅಲ್ಲ.

ಈಗಿನ ಮಾತು ಕರ್ನಾಟಕ ಪಬ್ಲಿಕ್ ಶಾಲೆಗಳದ್ದು. ಎಲ್‌ಕೆಜಿಯಿಂದ ಪಿಯುಸಿಯವರೆಗೆ ಒಂದೇ ಆವರಣ, ಇಂಗ್ಲಿಷ್ ವಿಭಾಗವೂ ಉಂಟು. ಕೆಯ್ಯೂರು, ಕುಂಬ್ರ, ಬೆಳ್ಳಾರೆಗಳಲ್ಲಿ ಇಂಥ ಶಾಲೆಗಳನ್ನು ಈ ಭಾಗದವರು ಕಂಡಿದ್ದಾರೆ. 2025–26ರ ಬಜೆಟ್‌ನಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಇನ್ನೂ 500 ಶಾಲೆಗಳನ್ನು ಹೀಗೆ ಮೇಲಕ್ಕೇರಿಸುವ ಯೋಜನೆ ಬಂತು. ದೊಡ್ಡ ಶಾಲೆ ಬಂದರೆ ಸುತ್ತಲಿನ ಸಣ್ಣ ಶಾಲೆಗಳ ಗತಿ ಏನು ಎಂಬುದು ವಿದ್ಯಾರ್ಥಿ ಸಂಘಟನೆಗಳ ಪ್ರಶ್ನೆ. ಯಾವ ಶಾಲೆಯನ್ನೂ ಮುಚ್ಚುವುದಿಲ್ಲ ಎಂಬುದು ಸರಕಾರದ ಉತ್ತರ. ಎರಡರ ನಡುವೆ ಒಂದು ಸೂಕ್ಷ್ಮ ಸಂಗತಿ ಮರೆಯಾಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸುವುದು 6ರಿಂದ 14 ವರ್ಷದವರಿಗೆ, ಎಂದರೆ ಎಂಟನೇ ತರಗತಿಯವರೆಗೆ. ಮನೆಯಿಂದ ಇಷ್ಟು ದೂರದೊಳಗೆ ಶಾಲೆ ಇರಲೇಬೇಕು ಎಂಬ ಕಾನೂನಿನ ಆಸರೆ ಒಂಬತ್ತು, ಹತ್ತನೇ ತರಗತಿಗೆ ಇಲ್ಲ. ಹೈಸ್ಕೂಲು ಸೊರಗಿದರೆ ಆ ಕಾಯ್ದೆ ಹಿಡಿದು ಕೋರ್ಟಿಗೆ ಹೋಗುವುದು ಪ್ರಾಥಮಿಕ ಶಾಲೆಯಷ್ಟು ಸುಲಭವಲ್ಲ. ಪೇಟೆಯ ಹೈಸ್ಕೂಲು ಸೊರಗಿದರೆ ಪೇಟೆಯ ಮಕ್ಕಳಿಗೆ ತೊಂದರೆ ಕಡಿಮೆ, ನಡೆದು ಹೋಗಲು ಇನ್ನೊಂದು ಶಾಲೆ ಇದ್ದೇ ಇರುತ್ತದೆ. ಸಂಕಟ ಸುಬ್ರಹ್ಮಣ್ಯ, ಶಿರಾಡಿ, ಅರಂತೋಡು ಕಡೆಯ ಕಾಡಂಚಿನ ಮನೆಯ ಹುಡುಗಿಯದ್ದು.

ಜಾಗದ ಪ್ರಶ್ನೆ: ಮೈಸೂರಿನ ಉದಾಹರಣೆ

ಶಾಲೆ ಹೋದ ಮೇಲೆ ಜಾಗಕ್ಕೆ ಏನಾಗಬಹುದು ಎಂಬುದಕ್ಕೆ ರಾಜ್ಯ ಇತ್ತೀಚೆಗೆ ಕಂಡ ದೊಡ್ಡ ಉದಾಹರಣೆ ಪುತ್ತೂರಿನದ್ದಲ್ಲ, ಮೈಸೂರಿನದ್ದು. ನಾರಾಯಣಶಾಸ್ತ್ರಿ ರಸ್ತೆಯ ಮಹಾರಾಣಿ ಎನ್‌ಟಿಎಂ ಶಾಲೆ ಪೇಟೆಯ ನಡುವಿನ ಸರಕಾರಿ ಕನ್ನಡ ಶಾಲೆ. 1881ರಲ್ಲಿ ಮೈಸೂರಿನಲ್ಲಿ ಹೆಣ್ಣುಮಕ್ಕಳ ಶಿಕ್ಷಣ ಆರಂಭವಾದ ಪರಂಪರೆಯ ಜೊತೆ ಅದರ ಹೆಸರು ಸೇರಿಕೊಂಡಿದೆ. ಅದಕ್ಕೆ ಅಂಟಿಕೊಂಡೇ ಇರುವುದು ನಿರಂಜನ ಮಠ, 1892ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದರೆಂದು ಹೇಳುವ ಸ್ಥಳ. 2013ರಲ್ಲಿ ಸರಕಾರ ಈ ಜಾಗವನ್ನು ವಿವೇಕ ಸ್ಮಾರಕ ನಿರ್ಮಿಸಲು ರಾಮಕೃಷ್ಣ ಆಶ್ರಮಕ್ಕೆ ಕೊಡಲು ತೀರ್ಮಾನಿಸಿತು. ಕನ್ನಡ ಹೋರಾಟಗಾರರು, ಸಾಹಿತಿಗಳು ಶಾಲೆ ಉಳಿಯಲಿ ಎಂದು ಬೀದಿಗಿಳಿದರು. ಸ್ಮಾರಕ ಬೇಕು ಎನ್ನುವವರದ್ದೂ ಒಂದು ದೊಡ್ಡ ಗುಂಪಿತ್ತು. ವಿಷಯ ನ್ಯಾಯಾಲಯಕ್ಕೆ ಹೋಯಿತು, ವರ್ಷಗಟ್ಟಲೆ ನಡೆಯಿತು, ಕೊನೆಗೆ 2022ರ ಆರಂಭದಲ್ಲಿ ಶಾಲೆಯ ಕಟ್ಟಡ ನೆಲಕ್ಕುರುಳಿತು.

ಇಲ್ಲಿ ಯಾರು ಸರಿ ಎಂಬ ವಾದಕ್ಕೆ ಇಳಿಯಬೇಕಾಗಿಲ್ಲ. ಎರಡೂ ಕಡೆಯವರು ಕೇಳಿದ್ದು ಒಳ್ಳೆಯದನ್ನೇ. ಆದರೆ ಶಾಲೆಯಲ್ಲಿ ಮಕ್ಕಳು ತುಂಬಿದ್ದರೆ ಈ ಪ್ರಶ್ನೆ ಬರುತ್ತಿತ್ತೇ ಎಂಬುದನ್ನು ಯೋಚಿಸಬೇಕು. ಪೇಟೆಯ ನಡುವೆ ಮಕ್ಕಳು ಕಡಿಮೆಯಾದ ಶಾಲೆ ಎಂದರೆ ಎಲ್ಲರ ಕಣ್ಣೂ ಬೀಳುವ ಜಾಗ. ಬಸ್ ನಿಲ್ದಾಣಕ್ಕೆ, ಕಚೇರಿಗೆ, ಭವನಕ್ಕೆ, ಸ್ಮಾರಕಕ್ಕೆ ಅದಕ್ಕಿಂತ ಅನುಕೂಲದ ಜಾಗ ಸಿಗುವುದಿಲ್ಲ.

ಹಳ್ಳಿಯಲ್ಲಿ ಸಮಸ್ಯೆ ಬೇರೆ. ಅಲ್ಲಿ ಶಾಲೆಯ ಜಾಗ ಎಷ್ಟೋ ಕಡೆ ಹಿಂದೆ ಯಾವುದೋ ಮನೆತನ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟದ್ದು. ಪಹಣಿಯಲ್ಲಿ ಇಂದಿಗೂ ಅಜ್ಜನ ಹೆಸರು, ಅನುಭವದಲ್ಲಿ ಶಾಲೆ. ಶಾಲೆಯ ಜಾಗದ ದಾಖಲೆ ಸರಿಪಡಿಸಿಕೊಳ್ಳಿ ಎಂದು ಇಲಾಖೆ ಮತ್ತೆ ಮತ್ತೆ ಹೇಳುತ್ತಿರುವುದು ಇದಕ್ಕೇ. ತುಳುನಾಡಿನ ಬೀಡು, ಗುತ್ತು, ಅರಮನೆಗಳ ಜೈನ ಕುಟುಂಬಗಳಲ್ಲಿ ಅಜ್ಜ ಶಾಲೆಗೆ ಜಾಗ ಕೊಟ್ಟ ಮಾತು ಕೇಳಿಬರುವುದು ಅಪರೂಪವಲ್ಲ. ಹೇಳುವಾಗ ಹೆಮ್ಮೆ. ಕಾಗದ ಕೇಳಿದರೆ ಮೌನ.

ಕಾನೂನು ಇಲ್ಲಿ ಸರಳ. ನೋಂದಣಿಯಾದ ದಾನಪತ್ರದ ಮೂಲಕ ಕೊಟ್ಟ ಸ್ಥಿರಾಸ್ತಿಯನ್ನು ಕೊಟ್ಟವರು ಮನಸ್ಸು ಬದಲಾಯಿತೆಂದು ಹಿಂದಕ್ಕೆ ಕೇಳುವಂತಿಲ್ಲ. ಆದರೆ ಆಸ್ತಿ ವರ್ಗಾವಣೆ ಕಾಯ್ದೆಯ 126ನೇ ಕಲಮಿನ ಪ್ರಕಾರ, ಇಂಥದ್ದೊಂದು ಸಂಗತಿ ನಡೆದರೆ ದಾನ ರದ್ದಾಗತಕ್ಕದ್ದು ಎಂದು ಇಬ್ಬರೂ ಮೊದಲೇ ಒಪ್ಪಿದ್ದರೆ, ಮತ್ತು ಆ ಸಂಗತಿ ಕೊಟ್ಟವರ ಇಷ್ಟವನ್ನು ಅವಲಂಬಿಸಿರದಿದ್ದರೆ, ಆ ಷರತ್ತಿಗೆ ಬೆಲೆ ಉಂಟು. ಶಾಲೆಗೆಂದೇ ಕೊಟ್ಟದ್ದು, ಶಾಲೆ ನಿಂತರೆ ಹೀಗೆ ಎಂದು ದಾನಪತ್ರದಲ್ಲಿ ಬರೆದಿದೆಯೇ? ಉತ್ತರ ಸಬ್ ರಿಜಿಸ್ಟ್ರಾರ್ ಕಚೇರಿಯ ಹಳೆಯ ಪುಸ್ತಕದಲ್ಲಿ ಇರುತ್ತದೆ. ನಕಲು ಪಡೆಯಲು ಶಾಲೆ ಮುಚ್ಚುವವರೆಗೆ ಕಾಯಬೇಕಾಗಿಲ್ಲ. ಜಾಗ ಹಿಂದಕ್ಕೆ ಪಡೆಯುವುದೇ ಇದರ ಉದ್ದೇಶ ಆಗಬೇಕಾಗಿಯೂ ಇಲ್ಲ. ಗ್ರಂಥಾಲಯಕ್ಕೆ, ಅಂಗನವಾಡಿಗೆ ಬಳಸಿ ಎಂದು ಹೇಳುವುದಕ್ಕೂ ಕೈಯಲ್ಲಿ ಕಾಗದ ಇದ್ದವರ ಮಾತಿಗೆ ತೂಕ ಹೆಚ್ಚು.

ರಿಜಿಸ್ಟರಿನ ಒಂದು ಸಾಲು

ಇನ್ನು ದಾಖಲಾತಿ ಪುಸ್ತಕ. ಅದರಲ್ಲಿ ಪ್ರತಿ ಮಗುವಿಗೆ ಒಂದು ಸಾಲು. ಹೆಸರು, ತಂದೆಯ ಹೆಸರು, ಊರು, ಹುಟ್ಟಿದ ದಿನ, ಧರ್ಮ, ಜಾತಿ, ಸೇರಿದ ದಿನ, ಬಿಟ್ಟ ದಿನ. ಜನನ ನೋಂದಣಿ ಸರಿಯಾಗಿ ಇಲ್ಲದಿದ್ದ ಕಾಲದವರಿಗೆ ಈ ಸಾಲೇ ಹುಟ್ಟಿದ ದಿನದ ಮೊದಲ ಸರಕಾರಿ ಪುರಾವೆ. 2023ರ ಅಕ್ಟೋಬರ್ 1ರ ಅನಂತರ ಹುಟ್ಟಿದವರಿಗೆ ಜನನ ಪ್ರಮಾಣಪತ್ರವೇ ಎಲ್ಲದಕ್ಕೂ ಆಧಾರ ಎಂದು ಕಾನೂನು ಬದಲಾಗಿದೆ. ಅದಕ್ಕಿಂತ ಮೊದಲಿನವರಿಗೆ ಶಾಲೆಯ ದಾಖಲೆಯ ಮಹತ್ವ ತಗ್ಗಿಲ್ಲ.

ಜೈನರಿಗೆ ಇದು ಯಾಕೆ ಮುಖ್ಯ? ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯ 3ಬಿ ಪ್ರವರ್ಗದಲ್ಲಿ ದಿಗಂಬರ ಜೈನರು ಇದ್ದಾರೆ. 2014ರ ಜನವರಿಯಲ್ಲಿ ಕೇಂದ್ರ ಸರಕಾರ ಜೈನರನ್ನು ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿತು. ಎರಡರ ಪ್ರಯೋಜನಕ್ಕೂ ಪ್ರಮಾಣಪತ್ರ ಬೇಕು, ಅದಕ್ಕೆ ಆಧಾರ ಬೇಕು. ನಾಡಕಚೇರಿಯಲ್ಲಿ ತಂದೆಯದ್ದೋ ಅಜ್ಜನದ್ದೋ ಶಾಲಾ ದಾಖಲೆ ಕೇಳುವುದು ಸಾಮಾನ್ಯ. ತುಳುನಾಡಿನ ವಿಶೇಷವೆಂದರೆ ಕುಲನಾಮ ನೋಡಿ ಧರ್ಮ ಹೇಳಲಾಗದು. ಬಲ್ಲಾಳ, ಹೆಗ್ಡೆ, ಶೆಟ್ಟಿ ಎಂಬ ಹೆಸರುಗಳು ಜೈನರಲ್ಲೂ ಉಂಟು, ಬೇರೆಯವರಲ್ಲೂ ಉಂಟು. ಹೆಸರಿನ ಮುಂದೆ ಜೈನ್ ಎಂದು ಬರೆದುಕೊಳ್ಳುವ ರೂಢಿ ಎಲ್ಲ ಮನೆಗಳಲ್ಲಿ ಹಿಂದೆ ಇರಲಿಲ್ಲ. ಆಗ ಅಜ್ಜ ಜೈನರೆಂದು ತೋರಿಸುವ ಕಾಗದ ಯಾವುದು? ಹಲವು ಮನೆಗಳ ಪಾಲಿಗೆ ಉತ್ತರ ಒಂದೇ, ಶಾಲೆಯ ರಿಜಿಸ್ಟರಿನ ಆ ಸಾಲು. ಅದು ಗೆದ್ದಲಿಗೆ ಹೋದರೆ ಮೊಮ್ಮಗಳು ಬೇರೆ ಆಧಾರಗಳಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯಬೇಕು.

ಮೂಡಬಿದ್ರಿಯ ಸಿದ್ಧಾಂತ ಬಸದಿಯಲ್ಲಿ ಧವಲ, ಜಯಧವಲ, ಮಹಾಧವಲಗಳ ತಾಳೆಗರಿಗಳನ್ನು ಶತಮಾನಗಳ ಕಾಲ ಹುಳು ಮುಟ್ಟದಂತೆ ಕಾಪಾಡಿದ ಸಮಾಜ ಇದು. ಕಾಗದದ ಬೆಲೆ ಇದಕ್ಕೆ ಹೊಸದಾಗಿ ಹೇಳಿಕೊಡಬೇಕಾದದ್ದಲ್ಲ.

ಶಾಲೆ ಮುಚ್ಚಿದಾಗ ಅಥವಾ ವಿಲೀನವಾದಾಗ ದಾಖಲೆಗಳು ವಿಲೀನದ ಶಾಲೆಗೋ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಗೋ ಹೋಗಬೇಕು. ಕಾಗದದಲ್ಲಿ ಹೋಗುತ್ತವೆ. ಕಪಾಟು ಎಲ್ಲಿಗೆ ಹೋಯಿತು, ಒಳಗೆ ಏನಿತ್ತು, ಪಟ್ಟಿ ಮಾಡಿ ಸಹಿ ಹಾಕಿ ಕೊಟ್ಟರೇ ಎಂಬುದು ಆ ದಿನ ಅಲ್ಲಿದ್ದವರ ಎಚ್ಚರವನ್ನು ಅವಲಂಬಿಸಿದೆ. ವಿದ್ಯಾರ್ಥಿಗಳ ವಿವರ ಕಂಪ್ಯೂಟರಿಗೆ ಏರಿಸುವ ಸ್ಯಾಟ್ಸ್ ವ್ಯವಸ್ಥೆ ರಾಜ್ಯದಲ್ಲಿ ಬಂದು ಹೆಚ್ಚು ವರ್ಷವಾಗಿಲ್ಲ. ಅದರ ಹಿಂದಿನದ್ದೆಲ್ಲ ಇರುವುದು ಕಾಗದದಲ್ಲಿ ಮಾತ್ರ.

ಆಡಳಿತದ ಗಡಿ ಬದಲಾದದ್ದು ಹುಡುಕಾಟವನ್ನು ಇನ್ನಷ್ಟು ಕಷ್ಟ ಮಾಡಿದೆ. ಸುಳ್ಯ 1960ರ ದಶಕದಲ್ಲಿ ಪುತ್ತೂರಿನಿಂದ ಬೇರೆಯಾಯಿತು. ಕಡಬ ತಾಲೂಕು ತೀರಾ ಇತ್ತೀಚಿನದು, ಪುತ್ತೂರು ಮತ್ತು ಸುಳ್ಯದ ಗ್ರಾಮಗಳನ್ನು ಸೇರಿಸಿ ಆದದ್ದು. ಇಚ್ಲಂಪಾಡಿಯ ಕಡೆಯ ಕುಟುಂಬದ ಇಂದಿನ ವಿಳಾಸ ಕಡಬ ತಾಲೂಕು. ಅಜ್ಜ 1950ರಲ್ಲಿ ಓದಿದ್ದರೆ ಅವರ ಕಾಗದದಲ್ಲಿ ಕಾಣುವುದು ಪುತ್ತೂರು ತಾಲೂಕು, ದಕ್ಷಿಣ ಕೆನರಾ, ಮದ್ರಾಸ್ ರಾಜ್ಯ. ಅವರ ಎಸ್ಸೆಸ್ಸೆಲ್ಸಿ ಪುಸ್ತಕ ಮದ್ರಾಸಿನದು, 1966ರಲ್ಲಿ ಹುಟ್ಟಿದ ಕರ್ನಾಟಕದ ಪರೀಕ್ಷಾ ಮಂಡಳಿಯಲ್ಲಿ ಅದರ ಸುಳಿವು ಹುಡುಕಿ ಫಲವಿಲ್ಲ. ಕಾಸರಗೋಡು ಕಡೆ ಓದಿದವರ ರಿಜಿಸ್ಟರು ಕೇರಳದಲ್ಲಿ. ಮನೆಯ ಟ್ರಂಕಿನ ಹಳೆಯ ಪುಸ್ತಕ ಎಸೆಯಬಾರದು ಎಂದದ್ದು ಇದಕ್ಕೇ.

ಸಮಾಜದ ಸಂಸ್ಥೆಗಳು ಮತ್ತು ಸರಕಾರಿ ಶಾಲೆ

ಶಾಲೆ ಕಟ್ಟುವುದರಲ್ಲಿ ಜೈನ ಸಮಾಜ ಹಿಂದೆ ಬಿದ್ದದ್ದಿಲ್ಲ. ಉಜಿರೆಯಲ್ಲಿ 1940ರಲ್ಲಿ ಮಂಜಯ್ಯ ಹೆಗ್ಗಡೆಯವರು ಆರಂಭಿಸಿದ ಸಿದ್ಧವನ ಗುರುಕುಲದಿಂದ ಹಿಡಿದು ಇಂದಿನ ಎಸ್‌ಡಿಎಂ ಸಂಸ್ಥೆಗಳವರೆಗೆ ಅದು ದೊಡ್ಡ ಇತಿಹಾಸ. ಜೊತೆಗೆ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಜ್ಞಾನದೀಪ ಕಾರ್ಯಕ್ರಮ ಶಿಕ್ಷಕರ ಕೊರತೆ ಇರುವ ಸರಕಾರಿ ಶಾಲೆಗಳಿಗೆ ಗೌರವ ಶಿಕ್ಷಕರನ್ನು ಕೊಟ್ಟಿದೆ, ಬೆಂಚು ಡೆಸ್ಕು ಕೊಟ್ಟಿದೆ. ಬೋರ್ಡು ಹೋದ ಮೇಲೆ ಖಾಲಿಯಾದ ಜಾಗದಲ್ಲಿ ನಿಂತು ಮಾಡಿದ ಕೆಲಸ ಅದು.

ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಇನ್ನೊಂದು ಪ್ರಶ್ನೆ ಮುಂದಿದೆ. ಮಾಧ್ಯಮದ ತೀರ್ಪು ಬಂದ 2014ರ ಮೇ 6ರಂದೇ ಸುಪ್ರೀಂ ಕೋರ್ಟು ಪ್ರಮತಿ ಪ್ರಕರಣದಲ್ಲಿ ಅಲ್ಪಸಂಖ್ಯಾತ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸದು ಎಂದಿತು. ಜೈನರು ರಾಷ್ಟ್ರಮಟ್ಟದ ಅಲ್ಪಸಂಖ್ಯಾತರಾಗಿ ಆಗ ಮೂರು ತಿಂಗಳು ದಾಟಿತ್ತಷ್ಟೆ. 2025ರ ಸೆಪ್ಟೆಂಬರ್ 1ರಂದು ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠ ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ದೊಡ್ಡ ಪೀಠ ಪರಿಶೀಲಿಸಲಿ ಎಂದು ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲು ಹೇಳಿತು. ತೀರ್ಪು ಬದಲಾದರೆ ಶೇ. 25 ಸೀಟಿನ ಲೆಕ್ಕ ಜೈನ ಸಂಸ್ಥೆಗಳ ಬಾಗಿಲಿಗೂ ಬರಬಹುದು. ಪಕ್ಕದ ಸರಕಾರಿ ಶಾಲೆ ಉಳಿದಿದೆಯೇ ಮುಚ್ಚಿದೆಯೇ ಎಂಬುದು ಕರ್ನಾಟಕದ 2019ರ ನಿಯಮದಂತೆ ಆಗ ನೇರ ಪರಿಣಾಮ ಬೀರುವ ಸಂಗತಿ. ಸಂಸ್ಥೆಗಳ ಆಡಳಿತ ಮಂಡಳಿಗಳು ಇದನ್ನು ಗಮನದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಈಗ ಮಾಡಬಹುದಾದದ್ದು

ಕುಟುಂಬದ ಹಿರಿಯರು ಓದಿದ ಶಾಲೆ ಇನ್ನೂ ನಡೆಯುತ್ತಿದ್ದರೆ ದಾರಿ ಸುಲಭ. ಓದಿದ ಅಂದಾಜು ವರ್ಷ, ಅಂದಿನ ಪೂರ್ಣ ಹೆಸರು, ತಂದೆ ಅಥವಾ ಪೋಷಕರ ಹೆಸರು ಕೊಟ್ಟು ಮುಖ್ಯಶಿಕ್ಷಕರಿಗೆ ಅರ್ಜಿ ಬರೆದು ವ್ಯಾಸಂಗ ಪ್ರಮಾಣಪತ್ರ ಅಥವಾ ರಿಜಿಸ್ಟರಿನ ದೃಢೀಕೃತ ಪ್ರತಿ ಕೇಳಬೇಕು. ಅಳಿಯಸಂತಾನದ ಮನೆಗಳಲ್ಲಿ ಪೋಷಕರ ಜಾಗದಲ್ಲಿ ಸೋದರಮಾವನ ಹೆಸರೂ ಇರಬಹುದು, ಹುಡುಕುವವರಿಗೆ ಇದನ್ನು ಮೊದಲೇ ಹೇಳಿದರೆ ಅವರಿಗೂ ಶ್ರಮ ತಪ್ಪುತ್ತದೆ. ಪ್ರತಿ ಬಂದಾಗ ಧರ್ಮ, ಜಾತಿಯ ಅಂಕಣದಲ್ಲಿ ಏನು ಬರೆದಿದೆ ಎಂದು ನೋಡಬೇಕು. ಅಣ್ಣನದ್ದು ಒಂದು ರೀತಿ, ತಮ್ಮನದ್ದು ಇನ್ನೊಂದು ರೀತಿ ಇದ್ದರೆ ಅದು ಈಗಲೇ ತಿಳಿದಿರುವುದು ಮೇಲು.

ಶಾಲೆ ಮುಚ್ಚಿದ್ದರೆ ಆ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಗೆ ಮಾಹಿತಿ ಹಕ್ಕು ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಶಬ್ದದ ಒಳಗೆ. ಹಾಗಾಗಿ ಜಾಗಕ್ಕೆ ಒಂದು ಅರ್ಜಿ, ದಾಖಲೆಗೆ ಇನ್ನೊಂದು. ದಾಖಲೆಯ ಅರ್ಜಿಯಲ್ಲಿ ಶಾಲೆಯ ಹೆಸರು, ಸಿಕ್ಕಿದರೆ 11 ಅಂಕಿಯ ಯುಡೈಸ್ ಸಂಖ್ಯೆ, ಸ್ಥಗಿತ ಅಥವಾ ವಿಲೀನದ ಆದೇಶದ ಪ್ರತಿ, ದಾಖಲಾತಿ ಪುಸ್ತಕಗಳನ್ನು ಯಾರು ಯಾರಿಗೆ ಯಾವ ದಿನ ಹಸ್ತಾಂತರಿಸಿದರು ಎಂಬ ಪಟ್ಟಿ, ಇಷ್ಟನ್ನು ಕೇಳಿದರೆ ಸಾಕು. ಕಡಬ ತಾಲೂಕಿನವರು ಶಾಲೆ ಹಿಂದೆ ಪುತ್ತೂರಿಗೆ ಸೇರಿತ್ತೋ ಸುಳ್ಯಕ್ಕೋ ಎಂಬುದನ್ನೂ ಅರ್ಜಿಯಲ್ಲಿ ಬರೆಯಬೇಕು. ತಪ್ಪು ಕಚೇರಿಗೆ ಹೋದರೂ ಚಿಂತೆಯಿಲ್ಲ, ಸರಿಯಾದ ಕಚೇರಿಗೆ ಐದು ದಿನದೊಳಗೆ ಕಳುಹಿಸುವುದು ಕಾಯ್ದೆಯ ಪ್ರಕಾರ ಅರ್ಜಿ ಪಡೆದ ಕಚೇರಿಯದೇ ಕೆಲಸ.